ಉದರ ಮಹಾಪಧಮನಿಯ ಉಬ್ಬು: ತುರ್ತುಚಿಕಿತ್ಸೆಯ ಇತಿಹಾಸ

ಹೃದಯದಿಂದ ಹೊರಟು ಹೊಟ್ಟೆಗಿಳಿಯುವ ಮಹಾಪಧಮನಿಯು ಮುಪ್ಪು, ಧೂಮಪಾನ, ರಕ್ತದೊತ್ತಡಗಳ ದೆಸೆಯಿಂದ ಭಿತ್ತಿಯ ಬಲವನ್ನು ಕಳೆದುಕೊಂಡು, ಬಹುತೇಕ ಮೂತ್ರಪಿಂಡದ ಧಮನಿಗಳ ಕೆಳಗಡೆ, 3 ಸೆಂ.ಮೀ. ಅಥವಾ ಅದಕ್ಕೂ ಮಿಗಿಲಾದ ವ್ಯಾಸಕ್ಕೆ ಹಿಗ್ಗುವ ವಿಕಾರವಿದು; ವೈದ್ಯರ ಮಾತಿನಲ್ಲಿ ಅನ್ಯೂರಿಸಂ. ವರ್ಷಗಟ್ಟಲೆ ಯಾವ ಲಕ್ಷಣವನ್ನೂ ತೋರದಿದ್ದು ಹಠಾತ್ತನೆ ಒಡೆಯುವುದೇ ಇದರ ಕ್ರೌರ್ಯ.

ಹದಿನಾರನೆಯ ಶತಮಾನದಲ್ಲಿ ವೆಸೇಲಿಯಸನು ಇದನ್ನು ವರ್ಣಿಸಿದನಾದರೂ ಚಿಕಿತ್ಸೆಯು ಬಹುಕಾಲ ದೂರವೇ ಉಳಿಯಿತು. 1817ರಲ್ಲಿ ಲಂಡನ್ನಿನ ಆಸ್ಟ್ಲಿ ಕೂಪರನು ಮಹಾಪಧಮನಿಯನ್ನೇ ದಾರದಿಂದ ಬಿಗಿದನು. ರೋಗಿ ಎರಡು ದಿನವೂ ಬದುಕಲಿಲ್ಲ. ಅಂಥ ಬಂಧನವು ಫಲಿಸಿದ್ದು 1923ರಲ್ಲಿ, ರುಡಾಲ್ಫ್ ಮಟಾಸನ ಕೈಯಲ್ಲಿ.

ಈ ರೋಗದ ಚರಿತ್ರೆಯಲ್ಲಿ ಆಲ್ಬರ್ಟ್ ಐನ್‌ಸ್ಟೈನರ ಪ್ರಕರಣವು ವಿಶೇಷ ಗಮನಕ್ಕೆ ಅರ್ಹವಾದುದು. 1948ರಲ್ಲಿ ರುಡಾಲ್ಫ್ ನಿಸ್ಸೆನ್ ಐನ್‌ಸ್ಟೈನರ ಉದರವನ್ನು ತೆರೆದು, ಸುತ್ತಲೂ ನಾರಂಗಾಂಶವು ಬೆಳೆದು ಭಿತ್ತಿಗೆ ಬಲ ಬರಲೆಂದು, ಉಬ್ಬನ್ನು ಸೆಲೋಫೇನಿನಿಂದ ಸುತ್ತಿದರು. ಇಂದಿಗೆ ವಿಚಿತ್ರವಾಗಿ ತೋರುವ ಈ ಉಪಾಯದ ಬಳಿಕ ಅವರು ಆರು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದರೆಂಬುದನ್ನು ಮರೆಯಲಾಗದು. 1955ರ ಏಪ್ರಿಲಿನಲ್ಲಿ ಅದು ಒಡೆಯಿತು. ಅಷ್ಟರಲ್ಲಿ, 1951ರಲ್ಲಿ, ಪ್ಯಾರಿಸಿನ ಷಾರ್ಲ್ ದ್ಯುಬೋ ಉಬ್ಬಿದ ಭಾಗವನ್ನು ಕತ್ತರಿಸಿ ತೆಗೆದು, ಮೃತದೇಹದಿಂದ ಪಡೆದ ಧಮನಿಯನ್ನು ಅಲ್ಲಿ ಜೋಡಿಸಿದ್ದರು. 1953ರಲ್ಲಿ ಹೆನ್ರಿ ಬಾನ್ಸನ್ ಒಡೆದುಹೋದುದನ್ನೂ ದುರಸ್ತಿಮಾಡಿ ರೋಗಿಯನ್ನು ಉಳಿಸಿದ್ದರು. ಮಾರ್ಗವಿತ್ತು, ಆದರೆ ಐನ್‌ಸ್ಟೈನರು ಶಸ್ತ್ರಕ್ರಿಯೆಯನ್ನು ಒಲ್ಲೆನೆಂದರು. ಏಪ್ರಿಲ್ 18ರಂದು ಪ್ರಿನ್ಸ್‌ಟನ್ನಿನಲ್ಲಿ ತೀರಿಕೊಂಡರು. ಪಿತ್ತಕೋಶದ ಬೇನೆಯನ್ನು ಹೋಲುವಂತೆ ಈ ಉಬ್ಬು ನೋಯಿಸುವುದಕ್ಕೆ ಅವರ ಹೆಸರೇ ವೈದ್ಯಗ್ರಂಥಗಳಲ್ಲಿ ಅಂಟಿಕೊಂಡಿದೆ.

ಕತ್ತಿಗಿಂತ ಗುರುತಿಸುವಿಕೆಯೇ ಇಲ್ಲಿ ಕಠಿನವಾದುದು. ಹೊಟ್ಟೆ ಅಥವಾ ಬೆನ್ನಿನ ನೋವು, ರಕ್ತದೊತ್ತಡದ ಕುಸಿತ, ಮಿಡಿಯುವ ಗಡ್ಡೆ ಎಂಬ ಮೂರೂ ಒಟ್ಟಿಗೆ ಕಾಣುವವರು ಅಲ್ಪಸಂಖ್ಯಾತರು; ವೃದ್ಧನಲ್ಲಿ ಮೊದಲ ಬಾರಿಗೆ ಮೂತ್ರದ ಕಲ್ಲಿನ ನೋವೆಂದು ತೋರಿದುದನ್ನು ಸಂಶಯದಿಂದ ನೋಡುವುದು ವಿವೇಕ. ಮಂಚದ ಬಳಿಯೇ ಮಾಡುವ ಅಲ್ಟ್ರಾಸೌಂಡ್ ಕೆಲವೇ ನಿಮಿಷಗಳಲ್ಲಿ ಉಬ್ಬನ್ನು ತೋರಿಸುತ್ತದೆ. ಉದರದ ಹಿಂಬದಿಗೆ ಸೋರಿದ ರಕ್ತವನ್ನಾದರೋ ಬಹುಮಟ್ಟಿಗೆ ತೋರಿಸದು. ಅದಕ್ಕೆ, ರೋಗಿ ತಾಳುವಂತಿದ್ದರೆ, ಸಿ.ಟಿ. ಬೇಕು. ಒತ್ತಡವನ್ನು ಸಹಜ ಮಟ್ಟಕ್ಕೇರಿಸಲು ಸಲೈನನ್ನು ಧಾರಾಳವಾಗಿ ಹರಿಸುವ ಹಳೆಯ ಅಭ್ಯಾಸವು, ಅದು ರಕ್ತಸ್ರಾವವನ್ನೇ ಹೆಚ್ಚಿಸಬಹುದೆಂಬ ತಿಳಿವಿನಿಂದ ಹಿಂದೆ ಸರಿದಿದೆ: ಪ್ರಜ್ಞೆಯಿರುವವರೆಗೆ ತಗ್ಗಿದ ಒತ್ತಡವನ್ನು ಸಹಿಸಿ, ರಕ್ತವನ್ನು ಸಜ್ಜುಮಾಡಿಕೊಂಡು, ರೋಗಿಯನ್ನು ಶಸ್ತ್ರವೈದ್ಯರ ಬಳಿಗೆ ಬೇಗನೆ ಸಾಗಿಸುವುದು ಇಂದಿನ ಕ್ರಮ.

1990ರಲ್ಲಿ ಬ್ಯೂನಸ್ ಐರಿಸಿನ ಹುವಾನ್ ಪರೋಡಿ ತೊಡೆಯ ಧಮನಿಯ ಮೂಲಕ ಕೃತಕ ನಾಳವನ್ನು ಒಳಗೇ ಕೂರಿಸಿದರು. ಒಡೆದ ಉಬ್ಬಿಗೂ ಇದು ತೆರೆದ ಶಸ್ತ್ರಕ್ರಿಯೆಗಿಂತ ಮೇಲೇ ಎಂಬುದನ್ನು ಪರಿಶೀಲಿಸಿ 2014ರಲ್ಲಿ ಪ್ರಕಟವಾದ ಇಂಪ್ರೂವ್ ಪ್ರಯೋಗದಲ್ಲಿ, 30 ದಿನಗಳ ಮರಣಪ್ರಮಾಣವು ಎರಡು ವಿಧಾನಗಳಲ್ಲೂ ಹೆಚ್ಚುಕಡಿಮೆ ಸಮನಾಗಿತ್ತು.