ನೋವಿನ ಪಂಪು ಮತ್ತು ಮರುಭರ್ತಿಯ ದಾರಿ: ಕಣಕಟ್ಟೆ ಹೋಬಳಿಯ ರೋಗಿಯ ನಿರ್ಧಾರ ಕುರಿತು

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆ ಹೋಬಳಿ ತೆಂಗಿನ ಸೀಮೆ. ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರು, ಆಪರೇಷನ್ ಆದಮೇಲೂ ಸೊಂಟದಿಂದ ಕಾಲಿಗಿಳಿಯುವ ಉರಿ ತಪ್ಪದವರು, ಕ್ಯಾನ್ಸರ್ ಮೂಳೆಗೆ ಹರಡಿದವರು ಇಂಥ ಸೀಮೆಯಲ್ಲಿ ಇದ್ದೇ ಇರುತ್ತಾರೆ. ಮಾತ್ರೆಗೆ ಬಗ್ಗದ ನೋವಿಗೆ ಇರುವ ಕೊನೆಯ ದಾರಿಗಳಲ್ಲಿ ಒಂದು, ಹೊಟ್ಟೆಯ ಚರ್ಮದಡಿ ಕೂತು, ಕೊಳವೆಯ ಮೂಲಕ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಔಷಧ ಹರಿಸುವ ಪಂಪು. ಅದನ್ನು ಹಾಕಿಸಿಕೊಳ್ಳುವುದು ಒಂದು ಶಸ್ತ್ರಚಿಕಿತ್ಸೆಗೆ ಒಪ್ಪಿದಂತೆ ಮಾತ್ರವಲ್ಲ, ವರ್ಷಗಟ್ಟಲೆ ಅದನ್ನು ತುಂಬಿಸಿಕೊಳ್ಳಲು ಒಪ್ಪಿದಂತೆ ಎಂಬುದು ಈ ಲೇಖನದ ವಾದ.

1976ರಲ್ಲಿ ಸಂಶೋಧಕರಾದ ಯಾಕ್ಷ್ ಮತ್ತು ರೂಡಿ ಅವರು, ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಸೇರಿಸಿದ ಮಾರ್ಫಿನ್ ನೇರವಾಗಿ ಹುರಿಯಲ್ಲೇ ನೋವನ್ನು ತಡೆಯುತ್ತದೆಂದು ಇಲಿಗಳಲ್ಲಿ ತೋರಿಸಿದರು. 1979ರಲ್ಲಿ ವಾಂಗ್ ಮತ್ತು ಸಂಗಡಿಗರು ಕ್ಯಾನ್ಸರ್ ರೋಗಿಗಳಲ್ಲಿ ಅದನ್ನೇ ಕಂಡರು. ಬಾಯಿಂದ ತೆಗೆದುಕೊಳ್ಳುವ 300 ಮಿ.ಗ್ರಾಂ ಮಾರ್ಫಿನ್‌ಗೆ ಅಲ್ಲಿ ಸುಮಾರು 1 ಮಿ.ಗ್ರಾಂ ಸಮ ಎಂಬುದು ರೂಢಿಯ ಲೆಕ್ಕ. ಡೋಸ್ ಇಷ್ಟು ಇಳಿಯುವುದರಿಂದ ಮಂಪರು, ಮಲಬದ್ಧತೆಗಳು ತಗ್ಗುತ್ತವೆ.

ಪುರಾವೆ ಎಲ್ಲ ನೋವಿಗೂ ಒಂದೇ ತೂಕದ್ದಲ್ಲ. 2002ರಲ್ಲಿ ಸ್ಮಿತ್ ಮತ್ತು ಸಂಗಡಿಗರು ಪ್ರಕಟಿಸಿದ, 202 ಕ್ಯಾನ್ಸರ್ ರೋಗಿಗಳ ಯಾದೃಚ್ಛಿಕ ಪರೀಕ್ಷೆಯಲ್ಲಿ ಪಂಪಿನ ಗುಂಪಿನ 84.5%, ಔಷಧ ಚಿಕಿತ್ಸೆ ಮಾತ್ರ ಪಡೆದವರ 70.8% ಮಂದಿಗೆ ಗುರಿಯಿಟ್ಟ ಉಪಶಮನ ಸಿಕ್ಕಿತು. ಹಳೆಯ ಬೆನ್ನುನೋವಿಗೆ ಇಂಥ ಗಟ್ಟಿ ಆಧಾರವಿಲ್ಲ. ಅಲ್ಲಿ ವರ್ಷ ಕಳೆದಂತೆ ಡೋಸ್ ಏರುವುದು ಸಾಮಾನ್ಯ. ಆದ್ದರಿಂದ ನಲವತ್ತರ ಹರೆಯದ ತೆಂಗು ಕೀಳುವವನಿಗೂ ಅರವತ್ತರ ಕ್ಯಾನ್ಸರ್ ರೋಗಿಗೂ ಒಂದೇ ಸಲಹೆ ಕೊಡಲಾಗದು.

ಇನ್ನು ದಾರಿಯ ಲೆಕ್ಕ. ಪಂಪಿನ ತೊಟ್ಟಿ 20 ಇಲ್ಲವೆ 40 ಮಿ.ಲೀ. ಹಿಡಿಯುತ್ತದೆ. ಮಿ.ಲೀ.ಗೆ 10 ಮಿ.ಗ್ರಾಂ ಸಾಂದ್ರತೆಯ ಮಾರ್ಫಿನ್ ತುಂಬಿ ದಿನಕ್ಕೆ 4 ಮಿ.ಗ್ರಾಂ ಹರಿಸಿದರೆ ದೊಡ್ಡ ತೊಟ್ಟಿ 100 ದಿನಕ್ಕೆ ಬರಿದಾಗುತ್ತದೆ, ಚಿಕ್ಕದು 50ಕ್ಕೆ. ತಳ ಕಾಣುವ ಮುಂಚೆಯೇ ತುಂಬಿಸಬೇಕಾದ್ದರಿಂದ ವರ್ಷಕ್ಕೆ ಕನಿಷ್ಠ ನಾಲ್ಕು ಸಲ ಹೋಗಬೇಕು, ಡೋಸ್ ಏರಿದರೆ ಇನ್ನೂ ಹೆಚ್ಚು. ಮರುಭರ್ತಿ ಬೆಂಗಳೂರಿನಲ್ಲಿ ಆಗುವುದಾದರೆ, ಅರಸೀಕೆರೆಯಿಂದ ಅಲ್ಲಿಗೆ ರೈಲಿನಲ್ಲಿ ಸುಮಾರು 165 ಕಿ.ಮೀ. ಕಣಕಟ್ಟೆಯವರು ಮೊದಲು ಅರಸೀಕೆರೆ ಮುಟ್ಟಬೇಕು. ಕೂರಲಾರದ ರೋಗಿಯ ಜೊತೆ ಒಬ್ಬರು ಕೂಲಿ ಬಿಟ್ಟು ಹೊರಡಬೇಕು. ಬ್ಯಾಟರಿ ನಾಲ್ಕರಿಂದ ಏಳು ವರ್ಷಕ್ಕೆ ಮುಗಿದಾಗ ಪಂಪನ್ನೇ ಬದಲಿಸುವ ಆಪರೇಷನ್ ಮತ್ತೆ ಬರುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ದಿನ ಈ ಲೆಕ್ಕವನ್ನು ಮನೆಯವರ ಮುಂದೆ ಕೂತು ಮಾಡದ ವೈದ್ಯರು ಅರ್ಧ ಮಾತನ್ನಷ್ಟೇ ಹೇಳಿದಂತೆ.

ಪಂಪು ಹಾಕುವ ಮುಂಚೆ ಟ್ರಯಲ್ ಮಾಡುತ್ತಾರೆ: ಸೂಜಿಯಿಂದಲೋ ತಾತ್ಕಾಲಿಕ ಕೊಳವೆಯಿಂದಲೋ ಔಷಧ ಕೊಟ್ಟು ನೋವು ಎಷ್ಟು ಇಳಿಯಿತೆಂದು ನೋಡುತ್ತಾರೆ. ಅದರಿಂದ ಔಷಧದ ಗುಣ ತಿಳಿಯುತ್ತದೆ, ದಾರಿಯ ಕಷ್ಟ ತಿಳಿಯುವುದಿಲ್ಲ. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂಥ ಹತ್ತಿರದ ಕಡೆ ಮರುಭರ್ತಿ ಮಾಡಬಲ್ಲ ಪಳಗಿದ ಕೈ, ಪಂಪಿನ ಡೋಸ್ ಹೊಂದಿಸುವ ಪ್ರೋಗ್ರಾಮರ್ ಸಾಧನ, ಔಷಧ ಮೂರೂ ಸಿಗುತ್ತವೆಯೇ ಎಂದು ಅದಕ್ಕೂ ಮೊದಲೇ ವಿಚಾರಿಸಬೇಕು. ಪಳಗಿದ ಕೈ ಎಂದದ್ದಕ್ಕೆ ಕಾರಣವಿದೆ. ಸೂಜಿ ತೊಟ್ಟಿಯ ಬಾಯಿ ತಪ್ಪಿ ಸುತ್ತಲ ಅಂಗಾಂಶಕ್ಕೆ ಔಷಧ ಸುರಿದರೆ ಉಸಿರು ನಿಲ್ಲುವ ಅಪಾಯವಿದೆ.

ಪಂಪಿನ ಮಾತಿಗೆ ಮೊದಲು ಸರಳ ಮಾರ್ಫಿನ್ ಮಾತ್ರೆ ಸರಿಯಾದ ಡೋಸಿನಲ್ಲಿ ಸಿಕ್ಕಿದೆಯೇ ಎಂದು ನೋಡುವುದು, ಮುಖ್ಯವಾಗಿ ಕ್ಯಾನ್ಸರ್ ನೋವಿನಲ್ಲಿ, ನ್ಯಾಯ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಪರವಾನಗಿ ಪಡೆದು, ಮಾರ್ಫಿನ್‌ನ ಮೂಲವಾದ ಅಫೀಮು ಬೆಳೆಯುವ ದೇಶ ನಮ್ಮದು. 1985ರ ಮಾದಕ ವಸ್ತುಗಳ ಕಾಯ್ದೆಯ ಹಲವು ಪರವಾನಗಿಗಳ ತೊಡಕಿನಿಂದ ಅದೇ ಔಷಧ ನಮ್ಮ ರೋಗಿಗಳಿಗೆ ದಶಕಗಟ್ಟಲೆ ದುರ್ಲಭವಾಗಿತ್ತು. 2014ರ ತಿದ್ದುಪಡಿ ಅದನ್ನು ಅಗತ್ಯ ಔಷಧಗಳ ಸಾಲಿಗೆ ತಂದು, ಮಾನ್ಯತೆ ಪಡೆದ ಆಸ್ಪತ್ರೆಗಳು ಇಟ್ಟುಕೊಳ್ಳುವ ದಾರಿ ಸುಗಮ ಮಾಡಿತು. ಮಾತ್ರೆಯೇ ತಲುಪದ ಊರಿನ ರೋಗಿಗೆ ನೇರ ಪಂಪು ಸೂಚಿಸುವುದನ್ನು ನಾನು ಒಪ್ಪಲಾರೆ.

ಇಷ್ಟೆಲ್ಲ ಕೇಳಿಯೂ ಹಾಕಿಸಿಕೊಂಡವರು ಕೆಲವು ಲಕ್ಷಣಗಳನ್ನು ಗುರುತಿಸಲು ಕಲಿತಿರಬೇಕು. ಕೊಳವೆಯ ತುದಿಯಲ್ಲಿ ಗಂಟು ಬೆಳೆದು ಹುರಿಯನ್ನು ಒತ್ತಿದರೆ ನೋವು ಮರಳುವುದರ ಜೊತೆಗೆ ಕಾಲು ಸೋಲುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ. ಪಂಪು ತಟ್ಟನೆ ನಿಂತರೆ ಮಾರ್ಫಿನ್ ಬಿಟ್ಟ ಬಾಧೆ ಕಾಡುತ್ತದೆ. ಕಾಲಿನ ಬಿಗಿತಕ್ಕೆಂದು ಬ್ಯಾಕ್ಲೊಫೆನ್ ತುಂಬಿಸಿಕೊಂಡವರಿಗಂತೂ ಹಠಾತ್ ನಿಲುಗಡೆ ಪ್ರಾಣಕ್ಕೇ ಕುತ್ತು. ಪಂಪಿನ ಮಾದರಿ, ಔಷಧ, ಸಾಂದ್ರತೆ, ದಿನದ ಡೋಸ್, ಮುಂದಿನ ಮರುಭರ್ತಿಯ ದಿನಾಂಕಗಳನ್ನು ಕನ್ನಡದಲ್ಲೂ ಬರೆದ ಚೀಟಿ ರೋಗಿಯ ಜೇಬಿನಲ್ಲಿರಬೇಕು, ಅದರ ಒಂದು ಪ್ರತಿ ಅರಸೀಕೆರೆಯ ತಾಲ್ಲೂಕು ಆಸ್ಪತ್ರೆಯಲ್ಲಿರಬೇಕು.