ಪುಲಿಗೆರೆ ಸೀಮೆಯೂ ಅಶ್ವವಿದ್ಯೆಯೂ

ಗದಗ-ಬೆಟಗೇರಿ, ಪುಲಿಗೆರೆ ಎಂದು ಹೆಸರಾಗಿದ್ದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯು ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿದ್ದಾಗ, ಕುದುರೆಯ ಲಕ್ಷಣ, ಸ್ವಭಾವ, ಶಿಕ್ಷಣ ಮತ್ತು ಚಿಕಿತ್ಸೆಗಳನ್ನು ಒಟ್ಟಾಗಿ ವಿವೇಚಿಸುವ ಅಶ್ವಶಾಸ್ತ್ರವು ರಾಜವಿದ್ಯೆಗಳಲ್ಲಿ ಒಂದಾಗಿತ್ತು. ಆ ವಂಶದ ಮೂರನೆಯ ಸೋಮೇಶ್ವರನು (1126–1138) ಸಂಸ್ಕೃತದಲ್ಲಿ ರಚಿಸಿದ, ನೂರು ಅಧ್ಯಾಯಗಳ ‘ಮಾನಸೋಲ್ಲಾಸ’ವು ವಾಜಿವಾಹ್ಯಾಳಿಯನ್ನು, ಎಂದರೆ ಸವಾರರು ಬಯಲಿನಲ್ಲಿ ಚೆಂಡಾಡುವ ವಿನೋದವನ್ನು ವರ್ಣಿಸುವಾಗ, ಕುದುರೆಗಳ ತಳಿಗಳನ್ನೂ ಆವರ್ತಗಳೆಂಬ ಮೈಸುಳಿಗಳನ್ನೂ ನಡಿಗೆಯ ಭೇದಗಳನ್ನೂ ಹೇಳುತ್ತದೆ. ಅಶ್ವವೈದ್ಯದ ಮೂಲಪುರುಷನೆಂದು ಪ್ರಸಿದ್ಧನಾದ ಶಾಲಿಹೋತ್ರನ ಪರಂಪರೆಯ ಗ್ರಂಥಗಳು, ತಪ್ಪು ಎಡೆಯಲ್ಲಿ ಹೊಡೆದರೆ ಕುದುರೆಗೆ ದುರ್ಗುಣಗಳು ಅಂಟುತ್ತವೆಂದು ಎಚ್ಚರಿಸುತ್ತವೆ. ದೋಷದ ಹೊಣೆಯನ್ನು ಪ್ರಾಣಿಗಿಂತ ಶಿಕ್ಷಕನ ಮೇಲೆ ಹೊರಿಸುವ ಈ ನಿಲುವು ನಿಜಕ್ಕೂ ಗೌರವಾರ್ಹವಾದುದು. ಅರಬ್ಬೀ ಕುದುರೆಗಳು ಕಡಲು ದಾಟಿ ಪಶ್ಚಿಮ ಕರಾವಳಿಯ ಬಂದರುಗಳಲ್ಲಿ ಇಳಿಯುತ್ತಿದ್ದ, ಅಯ್ಯಾವೊಳೆ ಐನೂರ್ವರೆಂಬ ವರ್ತಕಸಂಘವು ಅವುಗಳ ವ್ಯಾಪಾರದಲ್ಲಿ ತೊಡಗಿದ್ದ ಆ ಕಾಲದಲ್ಲಿ, ಬೆಲೆಬಾಳುವ ಪ್ರಾಣಿಯನ್ನು ಉಳಿಸಿಕೊಳ್ಳುವ ಅಗತ್ಯವೂ ಈ ವಿದ್ಯೆಯನ್ನು ಬೆಳೆಸಿರಬೇಕು. ಸುಮಾರು 1400ರಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನು ಕನ್ನಡಕ್ಕೆ ತಂದನು. ಈಗ ಗದಗದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಧೀನದ ಕಾಲೇಜೊಂದಿದ್ದು, ಪಶುವೈದ್ಯ ಪದವಿಯ ವಿದ್ಯಾರ್ಥಿಗಳು ದನ, ಎಮ್ಮೆ, ಕುರಿಗಳ ಜೊತೆಗೆ ಕುದುರೆಯ ಅಂಗರಚನೆಯನ್ನೂ ರೋಗಗಳನ್ನೂ ಅಭ್ಯಸಿಸುತ್ತಾರೆ.