ವಿಂಬಲ್ಡನ್ ಬೆಟ್ಟಿಂಗ್: ಚರಿತ್ರೆ

ಲಂಡನ್ನಿನ ಆಲ್ ಇಂಗ್ಲೆಂಡ್ ಕ್ಲಬ್ ನಡೆಸುವ ವಿಂಬಲ್ಡನ್ ಟೆನಿಸ್ ಪಂದ್ಯಾವಳಿಯ ಮೇಲೆ ಬಾಜಿ ಕಟ್ಟುವ ವ್ಯವಹಾರವೇ ವಿಂಬಲ್ಡನ್ ಬೆಟ್ಟಿಂಗ್. ಪಂದ್ಯಾವಳಿ 1877ರಲ್ಲೇ ಶುರುವಾಯಿತಾದರೂ ಬೆಟ್ಟಿಂಗ್ ದೊಡ್ಡ ಉದ್ಯಮವಾಗಿ ಬೆಳೆದದ್ದು ಇಂಟರ್‌ನೆಟ್ ಬಂದ ಮೇಲೆ. ಮೊದಲು ಹಣ ಬೀಳುತ್ತಿದ್ದದ್ದು ಈ ಸಲದ ಚಾಂಪಿಯನ್ ಯಾರು ಎಂಬುದರ ಮೇಲೆ. ಈಗ ಮುಂದಿನ ಪಾಯಿಂಟ್ ಯಾರದು ಎಂಬುದರ ಮೇಲೂ ಬೀಳುತ್ತದೆ. ಟೆನಿಸ್‌ಗೆ ಅಂಟಿದ ಮೋಸದಾಟದ ಕಳಂಕದಲ್ಲಿ ಬಹುಪಾಲು ಈ ಬದಲಾವಣೆಯಿಂದ ಬಂದದ್ದು.

ಬ್ರಿಟನ್ನಿನ ಜೂಜುಗಾರರಿಗೆ ಮೊದಲಿನಿಂದಲೂ ಕುದುರೆಯೇ ದೇವರು. ರೇಸ್ ಮೈದಾನದ ಹೊರಗೆ ನಗದು ಹಣ ಕೊಟ್ಟು ಬಾಜಿ ಕಟ್ಟುವುದಕ್ಕೆ ಕಾನೂನಿನ ಅಡ್ಡಿಯಿತ್ತು. ಬೀದಿಯಲ್ಲಿ ಬೆಟ್ಟಿಂಗ್ ನಡೆಸುವುದನ್ನು 1906ರ ಕಾಯಿದೆ ಸ್ಪಷ್ಟವಾಗಿ ನಿಷೇಧಿಸಿತು. ಆದರೆ ಬುಕ್‌ಮೇಕರನ ಬಳಿ ಖಾತೆ ಇಟ್ಟುಕೊಂಡು ಟೆಲಿಫೋನಿನಲ್ಲಿ ಸಾಲದ ಮೇಲೆ ಆಡುವವರಿಗೆ ತಡೆಯಿರಲಿಲ್ಲ. ಅಂದರೆ ಉಳ್ಳವರ ಜೂಜು ಕಾನೂನುಬದ್ಧ, ಕೂಲಿಕಾರರ ಜೂಜು ಅಪರಾಧ. ಟೆನಿಸ್ ಬಾಜಿ ಈ ಉಳ್ಳವರ ಪಾಲಿನ ಒಂದು ಸಣ್ಣ ಮೋಜಾಗಿತ್ತು.

ಈ ಕಾಲದ ಅತಿ ದೊಡ್ಡ ಕತೆ ಆಟಗಾರನೊಬ್ಬನದೇ. 1939ರಲ್ಲಿ ಅಮೆರಿಕದ ಬಾಬಿ ರಿಗ್ಸ್ 21ನೆಯ ವಯಸ್ಸಿನಲ್ಲಿ ಮೊದಲ ಸಲ ವಿಂಬಲ್ಡನ್‌ಗೆ ಬಂದ. ಅದಕ್ಕೆ ಸ್ವಲ್ಪ ಮುಂಚೆ ಕ್ವೀನ್ಸ್ ಕ್ಲಬ್‌ನಲ್ಲಿ ಜರ್ಮನಿಯ ಗಾಟ್‌ಫ್ರೀಡ್ ಫಾನ್ ಕ್ರಾಮ್ ಅವನನ್ನು 6-0, 6-1ರಿಂದ ಚಚ್ಚಿಹಾಕಿದ್ದ. ರಿಗ್ಸ್ ಮುಂದೆ ಹೇಳಿಕೊಂಡ ಪ್ರಕಾರ, ಲಂಡನ್ನಿನ ಬುಕ್ಕಿಯೊಬ್ಬನ ಬಳಿ ಹೋಗಿ ತನ್ನ ಮೇಲೆ ತಾನೇ 100 ಪೌಂಡ್ ಕಟ್ಟಿದ. ಸಿಂಗಲ್ಸ್‌ಗೆ ಒಂದಕ್ಕೆ ಮೂರರ ದರ. ಆ ಗೆಲುವು ಡಬಲ್ಸ್ ಮೇಲೆ ಒಂದಕ್ಕೆ ಆರರಂತೆ ಹೋಗಬೇಕು. ಅದೂ ಬಂದರೆ ಎಲ್ಲವೂ ಮಿಕ್ಸೆಡ್ ಡಬಲ್ಸ್ ಮೇಲೆ ಒಂದಕ್ಕೆ ಹನ್ನೆರಡರಂತೆ. ಸಿಂಗಲ್ಸ್ ಫೈನಲ್‌ನಲ್ಲಿ ಎಲ್‌ವುಡ್ ಕುಕ್‌ನನ್ನು ಐದು ಸೆಟ್‌ಗಳಲ್ಲಿ ಸೋಲಿಸಿದ, ಅದೇ ಕುಕ್ ಜತೆ ಡಬಲ್ಸ್ ಗೆದ್ದ, ಆಲಿಸ್ ಮಾರ್ಬಲ್ ಜತೆ ಮಿಕ್ಸೆಡ್ ಗೆದ್ದ. ಕೈಗೆ ಬಂದದ್ದು 21,600 ಪೌಂಡ್, ಅವನ ಲೆಕ್ಕದಲ್ಲಿ 1,08,000 ಡಾಲರ್. ಗುಣಾಕಾರ ಮಾಡಿದರೆ ಮೂರು, ಆರು, ಹನ್ನೆರಡು ಸೇರಿ ಸರಿಯಾಗಿ 216 ಪಟ್ಟು. ಆದರೆ ಬುಕ್ಕಿಗಳ ರೂಢಿಯಂತೆ ಪ್ರತಿ ಹಂತದಲ್ಲಿ ಅಸಲೂ ಜತೆಗೆ ಬಂದಿದ್ದರೆ ಮೊತ್ತ 36,400 ಪೌಂಡ್ ಆಗಬೇಕಿತ್ತು. ಹಾಗಾಗಿ ಮೂರು ಪ್ರಶಸ್ತಿಗಳು ದಾಖಲೆಯಲ್ಲಿರುವ ಸಂಗತಿ, ಹಣದ ಅಂಕಿ ರಿಗ್ಸ್‌ನ ಬಾಯಿಮಾತು ಎಂದು ಓದುವುದು ಒಳ್ಳೆಯದು. ಕ್ವೀನ್ಸ್ ಸೋಲು ದರ ಏರಿಸಲು ಹೂಡಿದ ನಾಟಕವೇ ಎಂಬ ಗುಮಾನಿಯೂ ಉಳಿದುಕೊಂಡಿದೆ. ವಿಂಬಲ್ಡನ್ ಆಗ ಹವ್ಯಾಸಿಗಳ ಪಂದ್ಯಾವಳಿ. ಗೆದ್ದವರಿಗೆ ಬಹುಮಾನದ ಹಣ ಸಿಗತೊಡಗಿದ್ದು 1968ರಲ್ಲಿ.

1960ರ ಕಾಯಿದೆಯ ಫಲವಾಗಿ 1961ರ ಮೇ ತಿಂಗಳಿಂದ ಬ್ರಿಟನ್ನಿನ ಬೀದಿಗಳಲ್ಲಿ ಬೆಟ್ಟಿಂಗ್ ಅಂಗಡಿಗಳು ತೆರೆದವು. ಲ್ಯಾಡ್‌ಬ್ರೋಕ್ಸ್, ವಿಲಿಯಂ ಹಿಲ್ ಮನೆಮಾತಾದವು. 2001ರಲ್ಲಿ 125ನೆಯ ರ್‍ಯಾಂಕಿನ ಗೊರಾನ್ ಇವಾನಿಸೆವಿಚ್ ವೈಲ್ಡ್ ಕಾರ್ಡ್ ಪಡೆದು ಬಂದು ಚಾಂಪಿಯನ್ ಆದಾಗ, ಅವನ ಮೇಲೆ ಕಟ್ಟಿದ್ದ ಕೆಲವರಿಗೆ ಹಬ್ಬ. ಇನ್ನೊಂದು ಬಾಜಿಗೆ ಒಂಬತ್ತು ವರ್ಷ ಹಿಡಿಯಿತು. 2003ರಲ್ಲಿ ಆಕ್ಸ್‌ಫರ್ಡ್‌ಶೈರ್‌ನ ಒಬ್ಬ ವ್ಯಕ್ತಿ, ರೋಜರ್ ಫೆಡರರ್ ಏಳು ಸಲ ವಿಂಬಲ್ಡನ್ ಗೆಲ್ಲುತ್ತಾನೆಂದು ಒಂದಕ್ಕೆ 66ರ ದರದಲ್ಲಿ 1,520 ಪೌಂಡ್ ಕಟ್ಟಿದ. ಆತ 2009ರಲ್ಲಿ ತೀರಿಕೊಂಡ. ಬಾಜಿಯ ಚೀಟಿಯನ್ನು ಆಕ್ಸ್‌ಫ್ಯಾಮ್ ಸಂಸ್ಥೆಗೆ ಉಯಿಲು ಬರೆದಿಟ್ಟಿದ್ದ. 2012ರಲ್ಲಿ ಫೆಡರರ್ ಆ್ಯಂಡಿ ಮರ್ರೆಯನ್ನು ಮಣಿಸಿದಾಗ ಆಕ್ಸ್‌ಫ್ಯಾಮ್‌ಗೆ 1,01,840 ಪೌಂಡ್ ಸಂದಿತು.

2000ದಲ್ಲಿ ಬಂದ ಬೆಟ್‌ಫೇರ್ ಎಂಬ ವಿನಿಮಯ ಕಟ್ಟೆ ಆಟದ ನಿಯಮವನ್ನೇ ಬದಲಿಸಿತು. ಇಲ್ಲಿ ಬುಕ್ಕಿಯಿಲ್ಲ, ಒಬ್ಬ ಗೆಲ್ಲುತ್ತಾನೆ ಎನ್ನುವವನ ಎದುರು ಗೆಲ್ಲುವುದಿಲ್ಲ ಎನ್ನುವ ಇನ್ನೊಬ್ಬ ಜೂಜುಗಾರ ನಿಲ್ಲುತ್ತಾನೆ, ಕಂಪನಿ ಗೆದ್ದವನಿಂದ ಕಮಿಷನ್ ಮುರಿದುಕೊಳ್ಳುತ್ತದೆ. ಸೋಲಿನ ಮೇಲೆ ಹಣ ಮಾಡುವುದು ಯಾರಿಗಾದರೂ ಸಾಧ್ಯವಾಯಿತು. ಆಟ ನಡೆಯುತ್ತಿರುವಾಗಲೇ ಬಾಜಿ ಕಟ್ಟಲು ಟೆನಿಸ್‌ನಷ್ಟು ಹೊಂದುವ ಆಟ ಕಡಿಮೆ: ಪಾಯಿಂಟ್ ಪಾಯಿಂಟಿಗೂ ದರ ಏರಿಳಿಯುತ್ತದೆ. ಮೋಸಕ್ಕೂ ಅಷ್ಟೇ ಅನುಕೂಲ. ಕ್ರಿಕೆಟ್ಟಿನಲ್ಲಿ ಪಂದ್ಯವನ್ನೇ ಕೆಡಿಸಲು ಹಲವರನ್ನು ಒಲಿಸಿಕೊಳ್ಳಬೇಕು, ಸಿಂಗಲ್ಸ್‌ಗೆ ಒಬ್ಬ ಸಾಕು.

2007ರ ಆಗಸ್ಟ್‌ನಲ್ಲಿ ಪೋಲೆಂಡಿನ ಸೊಪೋಟ್‌ನಲ್ಲಿ ನಿಕೊಲಾಯ್ ಡೇವಿಡೆಂಕೊ ಮೊದಲ ಸೆಟ್ ಗೆದ್ದ ಮೇಲೂ ಹಣ ಎದುರಾಳಿಯ ಮೇಲೇ ಸುರಿಯಿತು. ಡೇವಿಡೆಂಕೊ ಮೂರನೆಯ ಸೆಟ್‌ನಲ್ಲಿ ಗಾಯವೆಂದು ಹಿಂದೆ ಸರಿದ. ಬೆಟ್‌ಫೇರ್ ಆ ಪಂದ್ಯದ ಬಾಜಿಗಳನ್ನೆಲ್ಲ ರದ್ದು ಮಾಡಿತು. ಒಂದು ವರ್ಷದ ತನಿಖೆಯ ಬಳಿಕ ಇಬ್ಬರೂ ಆಟಗಾರರು ನಿರ್ದೋಷಿಗಳೆಂದು ತೀರ್ಮಾನವಾಯಿತು. ಈ ಗದ್ದಲವೇ 2008ರಲ್ಲಿ ಟೆನಿಸ್ ಇಂಟೆಗ್ರಿಟಿ ಯೂನಿಟ್ ಎಂಬ ಮೋಸದಾಟದ ತನಿಖಾ ಘಟಕ ಹುಟ್ಟಲು ಕಾರಣ. ಆಟಗಾರರು ಟೆನಿಸ್ ಮೇಲೆ ಬಾಜಿ ಕಟ್ಟುವುದು ಅಷ್ಟರಲ್ಲಾಗಲೇ ಶಿಕ್ಷಾರ್ಹವಾಗಿತ್ತು: 2007ರಲ್ಲಿ ಇಟಲಿಯ ಅಲೆಸ್ಸಿಯೊ ಡಿ ಮೌರೊ, ತನ್ನದಲ್ಲದ ಪಂದ್ಯಗಳ ಮೇಲೆ ಕಟ್ಟಿದ್ದಕ್ಕೆ, ಒಂಬತ್ತು ತಿಂಗಳ ನಿಷೇಧ ಅನುಭವಿಸಿದ. ರಿಗ್ಸ್ ಹುಟ್ಟಿದ ಕಾಲ ಒಳ್ಳೆಯದಿತ್ತು.

2016ರ ಜನವರಿಯಲ್ಲಿ ಬಿಬಿಸಿ ಮತ್ತು ಬಜ್‌ಫೀಡ್ ಜಂಟಿ ವರದಿ ಪ್ರಕಟಿಸಿದವು. ರಷ್ಯಾ, ಉತ್ತರ ಇಟಲಿ, ಸಿಸಿಲಿಯ ಕೂಟಗಳು ಹಣ ಮಾಡಿದ ಶಂಕಿತ ಪಂದ್ಯಗಳಲ್ಲಿ ಮೂರು ವಿಂಬಲ್ಡನ್‌ನವು ಎಂಬುದು ಅದರ ಒಂದು ಅಂಶ. ಆಟಗಾರರ ಹೆಸರುಗಳನ್ನು ವರದಿ ಹೇಳಲಿಲ್ಲ. ಆಗ ನೇಮಕವಾದ ಆ್ಯಡಂ ಲೂಯಿಸ್ ನೇತೃತ್ವದ ಸ್ವತಂತ್ರ ಸಮಿತಿ 2018ರಲ್ಲಿ ಅಂತಿಮ ವರದಿ ಕೊಟ್ಟಿತು. ಸಮಿತಿ ಬೊಟ್ಟು ಮಾಡಿದ್ದು ಸೆಂಟರ್ ಕೋರ್ಟಿನ ಕಡೆಗಲ್ಲ, ಕೆಳಹಂತದ ಪುರುಷರ ಪಂದ್ಯಾವಳಿಗಳ ಕಡೆಗೆ. ವೃತ್ತಿಪರರೆನಿಸಿಕೊಂಡ ಸುಮಾರು 15,000 ಆಟಗಾರರಲ್ಲಿ ಖರ್ಚು ಗಿಟ್ಟುವುದು ಮೊದಲ 250ರಿಂದ 350 ಮಂದಿಗೆ ಮಾತ್ರ. ಅಂಥ ಬಡ ಪಂದ್ಯಗಳ ನೇರ ಅಂಕಗಳನ್ನೂ ಬೆಟ್ಟಿಂಗ್ ಕಂಪನಿಗಳಿಗೆ ಒದಗಿಸಿದ್ದು ಬೆಂಕಿಗೆ ತುಪ್ಪ ಸುರಿಯಿತು.

2021ರಲ್ಲಿ ಹಳೆಯ ಘಟಕದ ಜಾಗಕ್ಕೆ ಇಂಟರ್‌ನ್ಯಾಷನಲ್ ಟೆನಿಸ್ ಇಂಟೆಗ್ರಿಟಿ ಏಜೆನ್ಸಿ ಬಂತು. ಅದೇ ವರ್ಷದ ವಿಂಬಲ್ಡನ್‌ನಲ್ಲೂ ಎರಡು ಪಂದ್ಯಗಳ ಬಗ್ಗೆ ಬೆಟ್ಟಿಂಗ್ ಕಂಪನಿಗಳಿಂದ ಎಚ್ಚರಿಕೆಯ ಸೂಚನೆ ಹೋಯಿತು. ಆದರೂ ಮುಖ್ಯ ಸುತ್ತಿನ ಸಿಂಗಲ್ಸ್ ಆಟಗಾರನನ್ನು ಕೊಳ್ಳುವುದು ಅಗ್ಗವಲ್ಲ: 2024ರಲ್ಲಿ ಮೊದಲ ಸುತ್ತಿನಲ್ಲಿ ಸೋತವರಿಗೇ 60,000 ಪೌಂಡ್ ಸಿಕ್ಕಿತು.